ಹುಮನಾಬಾದಿನ ಹೊಲದಾಗ ನಗೆಗಾರರ ಗಾಲ್ಫ್

ಹುಮನಾಬಾದ್ ಹತ್ತಿರ ತೊಗರಿ ಕೊಯ್ದ ಹೊಲ ಸಮ ಮಾಡಿ ಗಾಲ್ಫ್ ಆಡುತ್ತಿದ್ದರು. ಆಡುವವರು ರಶೀದಭಾಯ್, ಗುಂಡಪ್ಪ ಎಂಬ ನಗೆ ಕಲಾವಿದರು. ನೋಡುವವರು ಊರ ಜನ ಮತ್ತು ಬಸವಕಲ್ಯಾಣಕ್ಕೆ ಹೊರಟು ದಾರಿಯಲ್ಲಿ ನಿಂತ ನಾನು. ಕೊನೆಯ ಚೆಂಡು ಕುಳಿಗೆ ಬಿದ್ದರೆ ಊರ ದವಾಖಾನೆಗೆ ಡಯಾಲಿಸಿಸ್ ಯಂತ್ರ ಕೊಡುವುದಾಗಿ ಅಲ್ಲಿನ ಕಾರ್ಖಾನೆಯೊಂದರ ಮಾಲೀಕರು ಹೇಳಿದ್ದರು.

ರಶೀದಭಾಯ್ ಕೋಲು ಎತ್ತಿದರೆ ಸಾಕು, ಜನ ನಗುತ್ತಿದ್ದರು.

“ಸುಮ್ನಿರ್ರೋ, ಆಟ ಕೆಡ್ತದ!” ಎಂದು ಅದೇ ಊರಿನ ಶಾಂತವ್ವ ಗದರಿದರು. ಗಂಡನನ್ನು ಡಯಾಲಿಸಿಸ್‌ಗೆಂದು ಕಲಬುರಗಿಗೆ ಒಯ್ದು ಒಯ್ದು ಅವರು ಸೋತಿದ್ದರು.

ಎಲ್ಲರೂ ಗಪ್ಪಾದರು. ರಶೀದಭಾಯ್ ಗಾಬರಿಯಾಗಿ ಹೊಡೆದ ಕೊನೆಯ ಚೆಂಡು ಕುಳಿ ದಾಟಿ ಹೋಯಿತು.

“ಅಕ್ಕಾ, ಜನ ನಗಲಿಲ್ಲಂದ್ರ ಇಂವನ ಕೈ ನಡಗ್ತದ್ರಿ,” ಎಂದ ಗುಂಡಪ್ಪ.

ಮಾಲೀಕರು ನಕ್ಕು, “ಇನ್ನೊಮ್ಮೆ ಹೊಡೀರಿ” ಎಂದರು.

“ಹಂಗಾರ ನಗ್ರೋ!” ಎಂದು ಶಾಂತವ್ವ ತಾವೇ ಮೊದಲು ನಕ್ಕರು. ಜನರೂ ನಕ್ಕರು. ಆ ಗದ್ದಲದಲ್ಲೇ ರಶೀದಭಾಯ್ ಹೊಡೆದ ಚೆಂಡು ಕುಳಿಗೆ ಬಿತ್ತು.

ಯಂತ್ರ ಬಂದ ಮೇಲೆ ಶಾಂತವ್ವನ ಗಂಡ ಕಲಬುರಗಿಯ ಬದಲು ಊರ ದವಾಖಾನೆಗೆ ನಡೆದುಕೊಂಡೇ ಹೋದರಂತೆ.