ಕೇಕ್ ಮಿಕ್ಸರಿನಲ್ಲಿ ವಡೆಯ ಹಿಟ್ಟು

ಗುರ್ರ್ರ್ ಎಂದು ಇಡೀ ಬಿಲ್ಡಿಂಗಿಗೇ ಕೇಳುವಂತೆ ಮಿಕ್ಸರ್ ತಿರುಗಿತು. ಐವತ್ತರ ದಶಕದ ಬೊಂಬಾಯಿಯ ಮುಲುಂಡ್. ಹಡಗಿನ ಕಂಪನಿಯಲ್ಲಿದ್ದ ಅಪ್ಪ ಫಾರಿನ್ನಿನಿಂದ ತಂದ ಸ್ಟ್ಯಾಂಡ್ ಮಿಕ್ಸರಿನಲ್ಲಿ ಅಮ್ಮ ಬೆಣ್ಣೆ ತೆಗೆಯುತ್ತಿದ್ದಳು, ಕೇಕ್ ಕಲಸುತ್ತಿದ್ದಳು. ಅಂದು ರುಕ್ಮಕ್ಕ ಒರಳಿನಲ್ಲಿ ರುಬ್ಬಿಟ್ಟ ಉದ್ದಿನ ಹಿಟ್ಟನ್ನೂ ಅದಕ್ಕೆ ಹಾಕಿ ಬೀಟ್ ಮಾಡಿದಳು. ಚಿಟಿಕೆ ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಿತು. ವಡೆಗೆ ಅದೇ ಹದ. ರುಕ್ಮಕ್ಕ ಅರ್ಧ ಗಂಟೆ ಕೈಯಲ್ಲಿ ಬಡಿದು ತರುತ್ತಿದ್ದ ಹದ.

ರುಕ್ಮಕ್ಕ ಉಡುಪಿಯ ಕಡೆಯ ವಿಧವೆ, ಕುರ್ಲಾದ ಚಾಳಿನಿಂದ ಬರುತ್ತಿದ್ದರು. ನಮ್ಮ ಮನೆಯ ರುಬ್ಬುವ ಕೆಲಸವೇ ಅವರಿಗೆ ಆಧಾರ. ಕಾನ್ವೆಂಟ್ ಹುಡುಗಿಯ ಜಂಬದಲ್ಲಿ ನಾನು ಹೇಳಿಬಿಟ್ಟೆ: “ಇನ್ನು ನೀವು ಬರೋದೇ ಬೇಡ ರುಕ್ಮಕ್ಕ, ಮೆಷಿನ್ ಎಲ್ಲಾ ಮಾಡತ್ತೆ!” ಅಮ್ಮ ನಕ್ಕಳು, ಬೈಯಲಿಲ್ಲ.

“ಒಳ್ಳೇದಾಯ್ತು ಮಗಾ, ನನ್ನ ರಟ್ಟೆಗೂ ರಜೆ,” ಎಂದು ಕೈ ತೊಳೆದು ಹೋದವರು ಮರುದಿನ ಬರಲಿಲ್ಲ.

ಅಮ್ಮ ನೆನೆಸಿದ ಉದ್ದನ್ನೇ ಮಿಕ್ಸರಿಗೆ ಸುರಿದಳು. ಅದು ಕೇಕಿನ ಬೀಟರ್, ಕಲಸುತ್ತದೆಯೇ ಹೊರತು ರುಬ್ಬುವುದಿಲ್ಲ. ಕಾಳುಗಳು ಗಿರಗಿರನೆ ಸುತ್ತಿದವು, ನುಣ್ಣಗಾಗಲೇ ಇಲ್ಲ. ತಿಂಗಳ ಮೇಲೆ ಅಮ್ಮ ಬಿಗುಮಾನ ಬಿಟ್ಟು ಕರೆಯಲು ಹೋದರೆ, ರುಕ್ಮಕ್ಕ ಕೋಣೆ ಖಾಲಿ ಮಾಡಿದ್ದರು.

ಎರಡು ವರ್ಷದ ನಂತರ ಯಾರದೋ ಮದುವೆಯ ಅಡುಗೆಮನೆಯಲ್ಲಿ ಅವರನ್ನು ಕಂಡೆ. ಕಾಯಿ ರುಬ್ಬುತ್ತಿದ್ದರು, ತೀರಾ ಸೊರಗಿದ್ದರು. ಸಾರಿ ಕೇಳಲೆಂದೇ ಹತ್ತಿರ ಹೋದೆ.

“ಮೆಷಿನ್ ಚೆನ್ನಾಗಿ ರುಬ್ತದಾ ಮಗಾ?”

ನಿಜ ಹೇಳಲು ನಾಚಿಕೆಯಾಗಿ “ಯೆಸ್, ವೆರಿ ವೆಲ್” ಅಂದೆ. ಅವರು ತಲೆಯಾಡಿಸಿ ಮತ್ತೆ ರುಬ್ಬತೊಡಗಿದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.