ಎಸಿ ಆರಿಸಿದ ಮೇಲೂ ಓಡಿದ ಜಪಾನಿ ಸಿನಿಮಾ

ದುಬೈನ ಸಿಲಿಕಾನ್ ಓಯಸಿಸ್‌ನಲ್ಲಿ, ನಮ್ಮ ಕಟ್ಟಡದ ಹಾಲ್‌ನಲ್ಲಿ ಪ್ರತಿ ಶನಿವಾರ ನಾನು 1953ರ ಜಪಾನಿ ಸಿನಿಮಾಗಳನ್ನೇ ಹಾಕುತ್ತಿದ್ದೆ. ಒಂದೇ ವರ್ಷದ ಹುಚ್ಚು ಯಾಕೆಂದು ಎಲ್ಲರೂ ನಗುತ್ತಿದ್ದರು. ಯುದ್ಧದಲ್ಲಿ ಸೋತ ದೇಶ ಒಂದೇ ವರ್ಷದಲ್ಲಿ ಅಷ್ಟೊಂದು ಒಳ್ಳೆಯ ಸಿನಿಮಾ ಮಾಡಿತಲ್ಲ, ಅದಕ್ಕೇ.

ಆ ಸಂಜೆ ಬಂದದ್ದು ಒಬ್ಬರೇ, ಪರಿಚಯವಿಲ್ಲದ ಭಟ್ಕಳದ ಅಜ್ಜಿ. ಪರದೆಯ ಮೇಲೆ ಹೆಂಡತಿಯೊಬ್ಬಳು ಯುದ್ಧಕ್ಕೆ ಹೋದ ಗಂಡನಿಗಾಗಿ ಕಾಯುತ್ತಿದ್ದಳು. ಅಷ್ಟರಲ್ಲಿ ಕಟ್ಟಡದ ಮ್ಯಾನೇಜರ್ ಬಂದು ಲೈಟ್ ಹಾಕಿದ.

"ಖಲಾಸ್! ಇಬ್ಬರಿಗಾಗಿ ಎಸಿ ಓಡಿಸೋಕಾಗಲ್ಲ."

ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಅಜ್ಜಿ ನನ್ನ ಕೈ ಹಿಡಿದರು.

"ಮುಚ್ಚಬೇಡ ಮಗಳೇ. ಎಸಿ ಬೇಕಾದ್ರೆ ಆಫ್ ಮಾಡಲಿ. ಮುಗಿಯುವವರೆಗೆ ನಾನು ಏಳುವುದಿಲ್ಲ."

ಆತ ನಿಜವಾಗಿಯೂ ಆರಿಸಿಯೇ ಹೋದ. ನಾವು ಬೆವರುತ್ತಲೇ ಕೊನೆಯವರೆಗೂ ನೋಡಿದೆವು. ಅಜ್ಜಿ ದುಪಟ್ಟಾದಿಂದ ಮುಖ ಒರೆಸಿಕೊಂಡು ಎದ್ದರು.

"ಮುಂದಿನ ವಾರ ಬೀಸಣಿಗೆ ತರ್ತೇನೆ," ಎಂದರು.