ದೊಡ್ಡವನ ಕಣಕಾಲು

ಮಗಳು ಫೋನ್ ಮಾಡಿ, “ಅಮ್ಮ, ಆ್ಯಂಕಲ್ ಹೋಯ್ತು” ಎಂದಳು. ದನಿ ನಡುಗುತ್ತಿತ್ತು. ನಾನು ಅಮೆರಿಕದ ಏಪೆಕ್ಸ್ ಊರಿನ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸ್ಟವ್ ಆರಿಸಿ, “ಯಾವ ಅಂಕಲ್?” ಎಂದು ಕೇಳಿದೆ. ಹಿಂದಿನ ಬೀದಿಯ ಅಂಕಲ್‌ಗೆ ಆಗಷ್ಟೇ ಬೈಪಾಸ್ ಆಗಿತ್ತು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗಿಯ ಕನ್ನಡದಲ್ಲಿ ಕರೆಂಟೂ ಹೋಯ್ತು, ಬಸ್ಸೂ ಹೋಯ್ತು, ಮನುಷ್ಯರೂ ಹೋಯ್ತು. ಹಾಗಾಗಿ ವ್ಯಾಕರಣ ನನ್ನ ಸಹಾಯಕ್ಕೆ ಬರಲಿಲ್ಲ.

“ಅಂಕಲ್ ಅಲ್ಲ ಅಮ್ಮ, ಆ್ಯಂಕಲ್. ಕಾಲು. ನಮ್ಮ ಲೆಫ್ಟ್ ಟ್ಯಾಕಲ್‌ದು.”

ಯಾರೂ ಸತ್ತಿಲ್ಲವಲ್ಲ ಎಂದು ಮತ್ತೆ ಸ್ಟವ್ ಹಚ್ಚಿದೆ. ಒಬ್ಬ ಆಟಗಾರನ ಕಣಕಾಲು ಉಳುಕಿದ್ದಕ್ಕೆ ಇವಳೇಕೆ ಅಳಬೇಕು ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು.

ಮಗಳು ಅಮೆರಿಕನ್ ಫುಟ್‌ಬಾಲ್ ಆಡುವ ಒಂದು ವೃತ್ತಿಪರ ತಂಡದಲ್ಲಿ ಸಹಾಯಕ ಟ್ರೈನರ್. ತಂಡದ ಹೆಸರು ಬರೆಯುವುದಿಲ್ಲ. ವಾಷಿಂಗ್ಟನ್ನಿಂದ ಅಟ್ಲಾಂಟಾವರೆಗಿನ ಈ ಸೀಮೆಯದು, ನಮ್ಮ ಮನೆಯಿಂದ ಕಾರಿನಲ್ಲಿ ಹೋಗಬಹುದಾದಷ್ಟು ದೂರ, ಅಷ್ಟು ಸಾಕು. ಟ್ರೈನರ್ ಎಂದರೆ ನಮ್ಮ ಜನ ಜಿಮ್‌ನಲ್ಲಿ ಡಂಬೆಲ್ ಎತ್ತಿಸುವವಳು ಎಂದುಕೊಳ್ಳುತ್ತಾರೆ. ಅದಲ್ಲ. ಆಟಕ್ಕೆ ಮುಂಚೆ ಕಾಲಿಗೆ ಟೇಪ್ ಸುತ್ತುವುದು, ಯಾರಾದರೂ ಬಿದ್ದರೆ ಮೈದಾನಕ್ಕೆ ಓಡುವುದು, ಆಮೇಲೆ ವಾರಗಟ್ಟಲೆ ಅವನ ಹಿಂದೆ ಬಿದ್ದು ಮತ್ತೆ ಆಡುವಂತೆ ಮಾಡುವುದು ಅವಳ ಕೆಲಸ. ಮೈಸೂರಿನಿಂದ ನನ್ನ ತಂಗಿ, “ಕಾಲು ಒತ್ತೋ ಕೆಲಸಕ್ಕೆ ಅಷ್ಟೊಂದು ಓದಿಸಿದ್ಯಾ ಅಕ್ಕ?” ಎಂದು ಕೇಳಿದ್ದಕ್ಕೆ ಅವಳೊಡನೆ ಎಷ್ಟೋ ದಿನ ಮಾತು ಬಿಟ್ಟಿದ್ದೆ. ನಾನೇ ಮನಸ್ಸಿನಲ್ಲಿ ಹಾಗೆ ಅಂದುಕೊಂಡಿದ್ದೆ, ಅದಕ್ಕೇ ಅಷ್ಟು ಉರಿ.

2020ರಲ್ಲಿ ಅವಳು ಇಂಟರ್ನ್ ಆಗಿ ಸೇರಿದಾಗ ಸ್ಟೇಡಿಯಂ ಖಾಲಿ, ಎಲ್ಲರ ಮುಖಕ್ಕೂ ಮಾಸ್ಕ್. ಕಾಯಂ ಆದದ್ದು ಆಮೇಲೆ. ಕಾಯಂ ಎಂದರೂ ವರ್ಷ ವರ್ಷಕ್ಕೆ ಹೊಸದಾಗುವ ಕೆಲಸ. ನಾನು ಹೇಳುತ್ತಿರುವ ಸೀಸನ್ ಅವಳು ಕಾಯಂ ಆಗಿ ಎರಡು ವರ್ಷಕ್ಕೆ ಬಂದದ್ದು.

ಒಬ್ಬ ಟ್ಯಾಕಲ್ ಇಲ್ಲದಿದ್ದರೆ ಏನು ಮುಳುಗಿಹೋಯಿತು ಎಂದು ನಾನು ಕೇಳಿದ್ದಕ್ಕೆ ನಮ್ಮವರು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿ ಇಟ್ಟರು. ಅದರ ಮುಂದೆ ಸಾಲಾಗಿ ಐದು ಸ್ಟೀಲ್ ಲೋಟ ಇಟ್ಟರು. “ಬಾಟ್ಲಿ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯೋನು. ಎಸೆಯೋವಾಗ ಅವನ ಬೆನ್ನು ಎಡಗಡೆಗಿರತ್ತೆ, ಆ ಕಡೆಯಿಂದ ಯಾರ್ ನುಗ್ಗಿದ್ರೂ ಕಾಣ್ಸಲ್ಲ. ಅಲ್ಲಿ ನಿಂತು ತಡೆಯೋನೇ ಈ ಕೊನೇ ಲೋಟ. ಈಗ ನೋಡು” ಎಂದು ಆ ಲೋಟ ತೆಗೆದರು. ಬಾಟಲಿ ಅಲ್ಲೇ ನಿಂತಿತ್ತು. ಆದರೆ ಅದನ್ನು ನೋಡಲು ಯಾಕೋ ಹೆದರಿಕೆಯಾಯಿತು.

ಮುಂದಿನ ಭಾನುವಾರಗಳಲ್ಲಿ ಅದೇ ಆಯಿತು. ಅವನ ಜಾಗಕ್ಕೆ ಬಂದವನು ಹೊಸಬ. ಅವನಿಗೆ ಆಸರೆಯಾಗಿ ಇನ್ನೊಬ್ಬ ಹಿಂದೆ ಉಳಿಯಬೇಕಾಯಿತು. ಚೆಂಡು ಹಿಡಿಯಲು ಓಡುವವರಲ್ಲಿ ಒಬ್ಬ ಕಡಿಮೆಯಾದ. ಎಸೆಯುವವನಿಗೆ ನಿಂತು ನೋಡಲು ಪುರುಸೊತ್ತಿಲ್ಲ, ಅವಸರದಲ್ಲಿ ಎಸೆದ, ಚೆಂಡು ಮತ್ತೆ ಮತ್ತೆ ಎದುರಾಳಿಗಳ ಪಾಲಾಯಿತು. ಚೆಂಡು ಎದುರಾಳಿಗಳ ಕೈಯಲ್ಲಿರುವಾಗ ಮಾತ್ರ ಇಳಿದು ಅವರನ್ನು ತಡೆಯುವ ಆಟಗಾರರು ಬೆಂಚಿನಲ್ಲಿ ಕುಳಿತು ಉಸಿರು ತೆಗೆದುಕೊಳ್ಳುವ ಮೊದಲೇ ಎದ್ದು ಮತ್ತೆ ಒಳಗೆ ಹೋಗಬೇಕಾಯಿತು. ಸುಸ್ತಾದ ಕಾಲುಗಳು ಎಲ್ಲಿ ಮಾತು ಕೇಳುತ್ತವೆ? ಒಬ್ಬನ ತೊಡೆಯ ಸ್ನಾಯು ಹಿಡಿಯಿತು, ಇನ್ನೊಬ್ಬನ ಸೊಂಟ. ಒಂದು ಭಾನುವಾರ ಎಡಗಡೆಯಿಂದಲೇ ಯಾರೋ ನುಗ್ಗಿ ಬಂದು ಕ್ವಾರ್ಟರ್‌ಬ್ಯಾಕ್‌ನ ಭುಜ ಮುರಿದರು. ಅವನ ಬದಲಿಗೆ ಬಂದವನ ಪಾಸುಗಳು ಎಲ್ಲೆಲ್ಲೋ ಹೋಗುತ್ತಿದ್ದವು. ಎತ್ತರಕ್ಕೆ ಹೋದ ಅಂಥದ್ದೊಂದನ್ನು ಹಿಡಿಯಲು ಹಾರಿದ ಹುಡುಗ ಅಡ್ಡಾದಿಡ್ಡಿಯಾಗಿ ಕೆಳಗೆ ಬಿದ್ದ. ಮಂಡಿ ಹೋಯಿತು. ಮಂಡಿ ಹೋದವನನ್ನು ಆ ವರ್ಷಕ್ಕೆ ಮರೆತುಬಿಡಬೇಕು, ಕೆಲವರನ್ನು ಪೂರ್ತಿಯಾಗಿಯೇ ಮರೆತುಬಿಡಬೇಕು ಎಂದು ಮಗಳು ಹೇಳಿದಳು. ತಂಡ ಸೋತ ಮೇಲೆ ಸೋತಿತು.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಟಿವಿ ಮುಂದೆ ಕೂರುವುದು ನನಗೆ ಶಿಕ್ಷೆಯಾಯಿತು. ಮಗಳ ಮುಖ ಕಾಣುತ್ತಿದ್ದದ್ದು ಯಾರಾದರೂ ಬಿದ್ದಾಗ ಮಾತ್ರ. ಆಟ ಚೆನ್ನಾಗಿ ನಡೆಯುತ್ತಿದ್ದರೆ ಅವಳು ಗುಂಪಿನಲ್ಲಿ ಎಲ್ಲೋ ಮರೆಯಲ್ಲಿರುತ್ತಿದ್ದಳು. ಒಬ್ಬ ನೆಲ ಕಚ್ಚಿ ಏಳದಿದ್ದರೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಓಡಿಬರುವ ನನ್ನ ಮಗಳು ಒಂದು ಕ್ಷಣ ಕಾಣುತ್ತಿದ್ದಳು. ಅಷ್ಟರಲ್ಲಿ ಟ್ರಕ್ಕಿನದೋ ಬಿಯರಿನದೋ ಜಾಹೀರಾತು. “ಸಣ್ಣಗಾಗಿದಾಳೆ ಅಲ್ವಾ?” ಎಂದು ನಾನು, “ಎಲ್ಲಿ, ನೋಡಕ್ಕೆ ಬಿಟ್ರೆ ತಾನೆ” ಎಂದು ಇವರು. ಮಗಳನ್ನು ನೋಡುವ ಆಸೆಗೆ ಯಾರೋ ಬೀಳಲಿ ಎಂದು ಕಾಯುತ್ತಿದ್ದೇನೇನೋ ಎಂದು ನನ್ನ ಮೇಲೇ ನನಗೆ ಅಸಹ್ಯವಾಗುತ್ತಿತ್ತು.

ಟ್ಯಾಕಲ್‌ನ ಕಣಕಾಲನ್ನು ಸರಿಪಡಿಸುವ ಹೊಣೆ ಬಿದ್ದದ್ದು ಅವಳ ಮೇಲೆಯೇ. ಅವನ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ, ಅಡ್ಡಡ್ಡ ತಿರುಗಿ ಬರಬೇಕಾದ ಆಳು. ಅವನನ್ನು ನಾನು ‘ದೊಡ್ಡವನು’ ಎಂದೇ ಕರೆಯುತ್ತಿದ್ದೆ. ಕೆಲವು ವಾರಗಳ ಮೇಲೆ ಅವನು ಮರಳಿ ಆಡಲು ಇಳಿದ. ಅರ್ಧ ಆಟವೂ ಮುಗಿದಿರಲಿಲ್ಲ, ಕುಂಟುತ್ತ ಹೊರಗೆ ಬಂದ. ಅವನನ್ನು ಆಡಿಸಬಹುದೆಂದು ತೀರ್ಮಾನಿಸಿದವರು ಡಾಕ್ಟರು, ಇಳಿಸಿದವನು ಕೋಚ್. ಆದರೆ ರೇಡಿಯೋಗೆ ಫೋನ್ ಮಾಡುವ ಅಭಿಮಾನಿಗಳು ಆ ವಾರ ಟ್ರೈನರ್‌ಗಳ ಮೇಲೆ ಬಿದ್ದರು. ಇವರಿಗೆ ಕೆಲಸ ಬರುವುದಿಲ್ಲ, ಎಲ್ಲರನ್ನೂ ಮನೆಗೆ ಕಳಿಸಿ ಎಂದು ಒಬ್ಬ ಕೂಗಾಡಿದ. ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಆ ರೇಡಿಯೋಗೆ ಅಚ್ಚ ಕನ್ನಡದಲ್ಲಿ ಬೈದೆ. ಪಕ್ಕದ ಕಾರಿನಾಕೆ ಗಾಜು ಏರಿಸಿಕೊಂಡಳು.

ಮಗಳ ಬಾಸ್ ಒಳ್ಳೆಯವನು. ಅವಳನ್ನು ಕೂರಿಸಿಕೊಂಡು ನೇರವಾಗಿಯೇ ಹೇಳಿದನಂತೆ: ಸೀಸನ್ ಮುಗಿದ ಮೇಲೆ ಮೇಲಿನವರು ಕೆಲವರನ್ನು ತೆಗೆಯುತ್ತಾರೆ, ಈ ಕಣಕಾಲು ಇನ್ನೊಮ್ಮೆ ಹೋದರೆ ನಿನ್ನನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿ ಇರುವುದಿಲ್ಲ. ಒಂದು ತಂಡ ತೆಗೆದ ಟ್ರೈನರನ್ನು ಇನ್ನೊಂದು ತಂಡ ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ದೊಡ್ಡವನ ಕಣಕಾಲಿನ ಮೇಲೆ ನನ್ನ ಮಗಳ ಬದುಕು ನಿಂತಿತು.

ಹುಳಿ, ಪಲ್ಯ, ಮೊಸರನ್ನ ಎಲ್ಲ ಕೂಲರ್‌ನಲ್ಲಿ ತುಂಬಿಕೊಂಡು ಅವಳ ಅಪಾರ್ಟ್‌ಮೆಂಟಿಗೆ ಹೋದೆ. ಸೋಫಾ ಇದ್ದರೂ ನೆಲದ ಮೇಲೆ ಕೂತಿದ್ದಳು. ಎರಡೂ ಹೆಬ್ಬೆರಳಿಗೆ ಟೇಪ್ ಸುತ್ತಿಕೊಂಡಿದ್ದಳು. ದಿನವಿಡೀ ಅವನ ಕಾಲಿನ ಬಿಗಿದ ನರಗಳನ್ನು ಒತ್ತಿ ಒತ್ತಿ ಅವಳ ಬೆರಳುಗಳೇ ಬಾತಿದ್ದವು. ಚಮಚ ಹಿಡಿಯಲು ಒದ್ದಾಡುತ್ತಿದ್ದಳು. ನಾನೇ ಕಲಸಿ ತುತ್ತು ಕೊಟ್ಟೆ. ಬೇಡ ಎನ್ನಲಿಲ್ಲ. ಹತ್ತನೇ ಕ್ಲಾಸಿನಿಂದಲೂ ನನ್ನ ಕೈ ತಳ್ಳುತ್ತಿದ್ದ ಹುಡುಗಿ ಬಾಯಿ ತೆರೆದು ಕೂತಿದ್ದಳು.

“ಕಣ್ಣು ಮುಚ್ಚಿದ್ರೆ ಅವ್ನ ಫುಟ್ಟೇ ಕಾಣತ್ತೆ ಅಮ್ಮ” ಎಂದಳು. “ಐ ಡಿಡ್ ಎವ್ರಿಥಿಂಗ್ ರೈಟ್. ಎಲ್ಲಾ ಸರಿಯಾಗೇ ಮಾಡ್ದೆ. ಆದ್ರೂ ಸರಿ ಹೋಗ್ಲಿಲ್ಲ ಅಂದ್ರೆ ನಾನು ಏನ್ ಮಾಡ್ಲಿ?”

“ಬಿಟ್ಬಿಡು, ಮನೆಗೆ ಬಾ” ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಅವಳು ಹೌದು ಎಂದುಬಿಟ್ಟರೆ ಎಂಬ ಭಯವೂ ಇತ್ತು.

ನನ್ನ ಕೈಯಲ್ಲಿ ಏನಿದೆ? ಆ ಶನಿವಾರ ದೇವಸ್ಥಾನಕ್ಕೆ ಹೋಗಿ ಹನುಮಂತನಿಗೆ ವಡೆ ಹಾರ ಹೇಳಿಕೊಂಡೆ. ಅರ್ಚನೆ ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದರು. ದೊಡ್ಡವನ ಹೆಸರನ್ನು ಹೇಗೋ ಉಸುರಿದೆ. ಅವರು ಇನ್ನೊಮ್ಮೆ ಕೇಳಿಸಿಕೊಂಡು, ತಮಗೆ ಬಂದಂತೆ ಅದನ್ನು ಸಂಸ್ಕೃತಕ್ಕೆ ಹೊಂದಿಸಿಕೊಂಡು, “ಗೋತ್ರ?” ಎಂದರು. “ಗೊತ್ತಿಲ್ಲ.” “ನಕ್ಷತ್ರ?” “ಅದೂ ಗೊತ್ತಿಲ್ಲ. ಕಾಲು ಒಂದು ವಾಸಿಯಾಗ್ಲಿ ಸ್ವಾಮಿ.” ಹಿಂದೆ ನಿಂತಿದ್ದ ಹುಬ್ಬಳ್ಳಿಯ ಆಂಟಿ ನನ್ನ ಭುಜ ಮುಟ್ಟಿ, “ನಿನ್ನೆ ಇಂಡಿಯನ್ ಸ್ಟೋರಿನ ಪಾರ್ಕಿಂಗ್ ಲಾಟಿನಾಗ ದೊಡ್ಡಾಂವನ ಕಾಲು ಹೆಂಗದ ಅಂತ ಫೋನ್ಯಾಗ ಕೇಳ್ಲಿಕ್ಕತ್ತಿದ್ರಿ. ನಿಮಗ ಮಗಾನೂ ಅದಾನ ಅಂತ ನಮಗ ಗೊತ್ತೇ ಇರ್ಲಿಲ್ಲರಿ” ಎಂದರು. ವಿವರಿಸುವ ತ್ರಾಣ ನನಗಿರಲಿಲ್ಲ. “ದೂರದಲ್ಲಿದಾನೆ” ಎಂದು ತೀರ್ಥಕ್ಕೆ ಕೈ ಒಡ್ಡಿದೆ.

ದೊಡ್ಡವನು ಎರಡನೇ ಸಲ ಇಳಿಯುವ ಆಟಕ್ಕೆ ಮಗಳು ನಮಗೆ ಟಿಕೆಟ್ ಕಳಿಸಿದಳು. ಆಟಗಾರರ ಮನೆಯವರು ಕೂರುವ ಸಾಲು. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು, ನನ್ನದೇ ವಯಸ್ಸು. ಮಗನ ನಂಬರಿನ ದೊಡ್ಡ ಜೆರ್ಸಿ ಅವಳ ಮಂಡಿಯವರೆಗೂ ಬಂದಿತ್ತು. ದೊಡ್ಡವನ ತಾಯಿ. ಸೌತ್ ಕೆರೊಲಿನಾದ ಒಂದು ಹಳ್ಳಿಯಿಂದ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ನಾನು ಯಾರೆಂದು ತಿಳಿದ ಕೂಡಲೇ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. ನಿನ್ನ ಮಗಳ ಕೈಗುಣದಿಂದ ನನ್ನ ಮಗ ನಿಂತಿದ್ದಾನೆ, ಪ್ರತಿ ಸಲ ಫೋನ್ ಮಾಡಿದಾಗಲೂ ಅವಳ ವಿಷಯ ಹೇಳುತ್ತಾನೆ ಎಂದಳು. ಚಿಕ್ಕವನಿದ್ದಾಗ ಮೈಭಾರಕ್ಕೆ ಬಹಳ ತಡವಾಗಿ ನಡೆದವನಂತೆ. ಇವನು ನಡೆಯುವುದೇ ಇಲ್ಲವೇನೋ ಎಂದು ತಾನು ಅತ್ತಿದ್ದನ್ನು ಹೇಳಿ ನಕ್ಕಳು. ಚೀಲದಿಂದ ಬೇಯಿಸಿದ ಕಡಲೆಕಾಯಿ ತೆಗೆದು ನಮ್ಮಿಬ್ಬರಿಗೂ ಕೊಟ್ಟಳು.

ಅವನಿದ್ದರೆ ತಂಡವೇ ಬೇರೆ ಎಂಬುದು ಅಂದು ನನ್ನ ಕಣ್ಣಿಗೂ ಕಂಡಿತು. ಎಡಗಡೆ ಭದ್ರವಾಯಿತು. ಬದಲಿ ಕ್ವಾರ್ಟರ್‌ಬ್ಯಾಕ್ ನಿಂತು, ನೋಡಿ, ಎಸೆಯತೊಡಗಿದ. ಹಿಂದೆ ಉಳಿಯುತ್ತಿದ್ದವನು ಮುಂದೆ ಓಡಿದ. ತಡೆಯುವವರು ಬೆಂಚಿನಲ್ಲಿ ಕುಳಿತು ನೀರು ಕುಡಿದರು. ಎಷ್ಟೋ ವಾರಗಳ ಮೇಲೆ ನಮ್ಮವರ ಅಂಕ ಮುಂದಿತ್ತು. ಅರ್ಧ ಆಟ ಮುಗಿಯಿತು, ಅವನು ಕುಂಟಲಿಲ್ಲ. ನಾನೂ ಅವಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮತ್ತೆ ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಒಂದು ರಾಶಿ ಜನ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರೂ ಎದ್ದರು. ದೊಡ್ಡವನು ಏಳಲಿಲ್ಲ.

ಮಗಳು ಓಡಿದಳು, ಅವಳ ಹಿಂದೆ ಡಾಕ್ಟರು. ದೊಡ್ಡವನ ತಾಯಿ ನನ್ನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದುಕೊಂಡು, ಕಣಕಾಲು ಬೇಡ ದೇವರೇ, ಮತ್ತೆ ಕಣಕಾಲು ಬೇಡ ಎಂದು ಇಂಗ್ಲಿಷಿನಲ್ಲಿ ಬೇಡಿಕೊಳ್ಳತೊಡಗಿದಳು. ನಾನೂ ಕನ್ನಡದಲ್ಲಿ ಅದನ್ನೇ ಬೇಡುತ್ತಿದ್ದೆ. ಕಣಕಾಲು ಬೇಡಪ್ಪ, ಬೇರೆ ಏನಾದರೂ ಆಗಲಿ, ಕಣಕಾಲು ಮಾತ್ರ ಬೇಡ.

ಮಗಳು ಅವನ ಪಕ್ಕದಲ್ಲಿ ಮಂಡಿಯೂರಿದಳು. ಮೊದಲು ಕಣಕಾಲು ಹಿಡಿದಳು. ಅಲ್ಲಾಡಿಸಿದಳು, ಏನೋ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಕೈ ಕಣಕಾಲು ಬಿಟ್ಟು ಮೇಲೆ ಸರಿಯಿತು. ಮಂಡಿಯ ಹತ್ತಿರ ಹೋಗಿ ನಿಂತಿತು. ಡಾಕ್ಟರೂ ಅಲ್ಲಿಗೇ ಬಗ್ಗಿದರು.

“ಅಬ್ಬ, ಸದ್ಯ” ಎಂದು ನಾನು ಗಟ್ಟಿಯಾಗಿ ಉಸಿರು ಬಿಟ್ಟೆ.

ದೊಡ್ಡವನ ತಾಯಿ ತಿರುಗಿ ನನ್ನನ್ನು ನೋಡಿದಳು. ಕನ್ನಡ ಅವಳಿಗೆ ಎಲ್ಲಿ ಬರಬೇಕು. ಆದರೆ ನನ್ನ ಮುಖದಲ್ಲಿದ್ದದ್ದನ್ನು ಓದಲು ಯಾವ ಭಾಷೆಯೂ ಬೇಕಿರಲಿಲ್ಲ. ಅವಳು ಕೋಪಿಸಿಕೊಳ್ಳಲಿಲ್ಲ. ನನ್ನ ಕೈಯೊಳಗಿನಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಜೆರ್ಸಿಯ ಅಂಚು ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಗಾಡಿಯಲ್ಲಿ ಅವನನ್ನು ಕರೆದುಕೊಂಡು ಹೋದರು. ಅವನ ಜಾಗಕ್ಕೆ ಹೊಸಬ ಬಂದ. ಆ ಆಟವನ್ನೂ ಸೋತೆವು.

ನಾವು ವಾಪಸು ಬರುವಾಗ ಕಾರಿಗೆ ಮಗಳ ಫೋನ್ ಬಂತು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. “ನೀ ಅಮ್ಮ, ಮಂಡಿ. ಫುಲ್ ಹೋಗಿದೆ. ಮತ್ತೆ ಆಡ್ತಾನೋ ಇಲ್ವೋ ಗೊತ್ತಿಲ್ಲ.” ಆಮೇಲೆ, “ಬಾಸ್ ಹೇಳ್ದ, ನನ್ ಕೆಲ್ಸಕ್ಕೆ ಏನೂ ಆಗಲ್ಲ ಅಂತೆ. ಐ ಡೋಂಟ್ ಈವನ್ ಕೇರ್” ಎಂದಳು.

ನಮ್ಮವರು ರಸ್ತೆಯನ್ನೇ ನೋಡುತ್ತಿದ್ದರು.

“ಅಮ್ಮ, ಅವ್ನ ಮಾಮ್ ಒಬ್ರೇ ಬಂದಿದ್ರು. ಅದಕ್ಕೇ ನಿಂಗೆ ಅವ್ರ ಪಕ್ಕದ ಸೀಟ್ ಕೇಳಿ ಹಾಕ್ಸಿದ್ದೆ. ಅವ್ನು ಬಿದ್ದಾಗ ನೀನು ಅವ್ರ ಕೈ ಹಿಡ್ಕೊಂಡಿದ್ದೆ ಅಲ್ವಾ?”

“ಹಿಡ್ಕೊಂಡಿದ್ದೆ” ಎಂದೆ.